ಏನನ್ನೂ ಕೇಳದವನು

"ನಿಲ್ಲಿ!"

ಅವನು ನಿಲ್ಲಲಿಲ್ಲ.

"ಸರ್, ನಿಮಗೇ ಹೇಳ್ತಿರೋದು... ನಿಲ್ಲಿ ಅಂದ್ರೆ!"

ಅವನು ಗೋಡೆಯ ಮೇಲಿನ ಕಿಂಡಿಯನ್ನೇ ನೋಡುತ್ತ ಮುಂದಕ್ಕೆ ನಡೆಯುತ್ತಿದ್ದ. ಬೈಕು ಕಳುವಾಗಿದ್ದ, ವಾಹನ ನಿಲ್ಲಿಸುವ ಆ ನೆಲಮಾಳಿಗೆಯಲ್ಲಿ ಎಂಜಿನ್ ಎಣ್ಣೆ ಚೆಲ್ಲಿತ್ತು. ಅದರಲ್ಲಿ ಒಂದೇ ಒಂದು ಬೂಟಿನ ಗುರುತು ಮೂಡಿತ್ತು. ಬೆಳಿಗ್ಗೆಯಿಂದ ಅವಳು ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ನೀರು ಕುಡಿಯುವುದಕ್ಕೂ ಹೋಗದೆ ಕಾವಲು ನಿಂತಿದ್ದಳು. ಈಗ ಈ ಮನುಷ್ಯ ಕಾಲು ಎತ್ತಿದ್ದ...

ಅವಳು ಓಡಿಹೋಗಿ ಅವನ ತೋಳು ಹಿಡಿದೆಳೆದಳು.

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೆಲಸಕ್ಕೆ ಸೇರಿ ಇನ್ನೂ ಸಮವಸ್ತ್ರದ ಗಂಜಿ ಹೋಗದ ಕಾನ್‌ಸ್ಟೇಬಲ್ ಒಬ್ಬಳು ಪತ್ತೇದಾರಿ ವಿಭಾಗದ ಅಧಿಕಾರಿಯ ತೋಳು ಹಿಡಿಯುವುದೇ!

ಅವನು ತಿರುಗಿದ. ಕೋಪಿಸಿಕೊಳ್ಳಲಿಲ್ಲ. ಅವಳ ಮುಖವನ್ನೇ ಮೆಲ್ಲಗೆ, ಒಂದು ಗೆರೆಯನ್ನೂ ಬಿಡದೆ ನೋಡಿದ.

"ಇನ್ನೊಂದು ಸಲ ಹೇಳಿ."

'ಬೆದರಿಸುತ್ತಿದ್ದಾನೆಯೇ? ಬೆದರಿಸಲಿ!'

"ಇನ್ನೊಂದು ಹೆಜ್ಜೆ ಇಟ್ಟರೆ ಕಳ್ಳನ ಹೆಜ್ಜೆ ಅಳಿಸಿಹೋಗುತ್ತೆ ಸರ್. ಕೆಳಗೆ ನೋಡಿ."

ಅವನು ಕೆಳಗೆ ನೋಡಿದ. ಎತ್ತಿದ ಕಾಲನ್ನು ಹಿಂದಕ್ಕಿಟ್ಟ.

"ನನ್ನದೇ ತಪ್ಪು. ನೀವು ಹಿಡಿದಿದ್ದು ಒಳ್ಳೇದಾಯ್ತು."

ಹಿಂದೆ ನಿಂತಿದ್ದ ಹವಾಲ್ದಾರ ನಕ್ಕುಬಿಟ್ಟ. "ಇವಳು ಮನುಷ್ಯಳಲ್ಲ ಸರ್, ಚಿಲಕ! ಒಂದು ಸಲ ಹಾಕ್ಕೊಂಡ್ರೆ ದೊಡ್ಡ ಸಾಹೇಬ್ರೂ ಒಳಗೆ ಹೋಗೋ ಹಾಗಿಲ್ಲ."

ಅಂದಿನಿಂದ ಠಾಣೆಯಲ್ಲಿ ಅವಳ ಹೆಸರು ಚಿಲಕ ಎಂದೇ ಆಯಿತು.

ಅವನಿಗೂ ಅಂಥದೊಂದು ಹೆಸರಿತ್ತು. ಮೌನಿ. ಅವನು ಯಾರನ್ನೂ ಬೈಯುತ್ತಿರಲಿಲ್ಲ, ಯಾರ ಮೇಲೂ ಕೈಮಾಡುತ್ತಿರಲಿಲ್ಲ. ಎದುರಿಗೆ ಕೂತು ಮುಖ ನೋಡುತ್ತಿದ್ದ, ಅಷ್ಟೆ. ಆ ನೋಟವನ್ನು ತಡೆಯಲಾರದೆ ಕಳ್ಳನೇ ಬಾಯಿ ಬಿಡುತ್ತಿದ್ದ. "ಮೌನಿ ಏನನ್ನೂ ಕೇಳಲ್ಲ, ಆದ್ರೆ ಎಲ್ಲಾ ತಿಳ್ಕೋತಾನೆ" ಎಂದು ಠಾಣೆಯಲ್ಲಿ ಹೇಳುತ್ತಿದ್ದರು.

ಹೊರಡುವ ಮುಂಚೆ ಅವನು ಅವಳ ಎದುರು ಬಂದು ನಿಂತ.

"ನೀವು ಪತ್ತೇದಾರಿ ಪರೀಕ್ಷೆಗೆ ಯಾಕೆ ಕೂತ್ಕೋಬಾರದು?"

ಅದು ಅವಳ ಬಾಲ್ಯದ ಆಸೆ! ಅಪ್ಪನಿಗೆ ಡಿಕ್ಕಿ ಹೊಡೆದು ಓಡಿಹೋದ ವಾಹನ ಯಾವುದೆಂದು ಇಂದಿಗೂ ಯಾರೂ ಪತ್ತೆ ಮಾಡಿರಲಿಲ್ಲ. ಅಪ್ಪನನ್ನು ಮಣ್ಣಿಗೆ ಕೊಟ್ಟು ಬಂದ ದಿನ ಅಮ್ಮ ದೇವರ ಮುಂದೆ ಕೂತು ಕೇಳಿದ್ದು ಒಂದೇ ಮಾತು: "ಯಾರು ಅಂತಾದ್ರೂ ತಿಳಿಸಪ್ಪಾ." ದೇವರು ತಿಳಿಸಲಿಲ್ಲ. ತಿಳಿಸುವ ಕೆಲಸವನ್ನು ಅವನು ಮನುಷ್ಯರಿಗೆ ಬಿಟ್ಟಿದ್ದಾನೆ ಎಂದು ಆ ಹುಡುಗಿ ಅಂದೇ ತಿಳಿದುಕೊಂಡಿದ್ದಳು.

*

ಬೀದಿ ಗಸ್ತು ಮಾಡಿದವರಿಗೆ ಮಾತ್ರ ಆ ಪರೀಕ್ಷೆಗೆ ಕೂರುವ ಅವಕಾಶ. ಮೊದಲು ಬರವಣಿಗೆ, ಆಮೇಲೆ ಹಿರಿಯರ ಮುಂದೆ ಸಂದರ್ಶನ, ಆಮೇಲೆ ತರಬೇತಿ. ಅವಳು ಅರ್ಜಿ ಹಾಕಿದಳು. ಮೌನಿ ಕಲಿಸಲು ಒಪ್ಪಿದ.

ಠಾಣೆಯ ಎದುರಿನ ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಮೇಜು ಅವರದಾಯಿತು. ಅವನು ಯಾವಾಗಲೂ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದ. ಬೆಳಕು ಬೀಳುವ ಕುರ್ಚಿ ಅವಳದು.

'ಬಿಸಿಲಿಗೆ ತಾನು ಬೆನ್ನು ಕೊಟ್ಟು ನನಗೆ ಬೆಳಕು ಬಿಡುತ್ತಾನೆ...' ಎಂದು ಅವಳು ಒಳಗೊಳಗೇ ಕರಗುತ್ತಿದ್ದಳು.

"ಈ ಕೋಣೆಗೆ ಬಂದಾಗ ಏನು ನೋಡಿದ್ರಿ?" ಎಂದು ಅವನು ಪಾಠ ಶುರುಮಾಡುತ್ತಿದ್ದ.

"ಮೂಲೆ ಮೇಜಿನ ಮುದುಕಪ್ಪ ಟೀ ಕುಡೀದೆ ಕೂತಿದ್ದಾರೆ. ಜಗಳ ಆಡ್ಕೊಂಡು ಬಂದಿದ್ದಾರೆ ಅನ್ಸುತ್ತೆ."

"ಟೀ ಕುಡಿದಿಲ್ಲ ಅನ್ನೋದು ನೋಡಿದ್ದು. ಜಗಳ ಅನ್ನೋದು ನೀವು ಹೊಲಿದಿದ್ದು. ಬಟ್ಟೆ ಬೇರೆ, ಹೊಲಿಗೆ ಬೇರೆ."

"ಹಾಗಾದ್ರೆ ಯಾಕೆ ಕುಡೀತಿಲ್ಲ?"

"ಸಕ್ಕರೆ ಹಾಕಿಲ್ಲ ಅಂತಿರಬಹುದು."

ಇಬ್ಬರೂ ನಕ್ಕರು.

"ಮೊದಲು ಜಾಗ, ಆಮೇಲೆ ಜನ. ಅನುಮಾನ ಕಡೆಗೆ" ಎಂದು ಅವನು ಪದೇಪದೇ ಹೇಳುತ್ತಿದ್ದ. "ಅನುಮಾನದಿಂದ ಶುರು ಮಾಡಿದವನಿಗೆ ದಾರೀಲಿ ಸಿಕ್ಕಿದ್ದೆಲ್ಲಾ ಸಾಕ್ಷಿ ಹಾಗೇ ಕಾಣುತ್ತೆ."

ಪಾಠ ಮುಗಿದ ಮೇಲೆ ಅವಳು ಮಾತಾಡುತ್ತಿದ್ದಳು. ಅಪ್ಪನ ವಿಷಯ, ಅಮ್ಮನ ಪ್ರಾರ್ಥನೆ, ಅಪ್ಪ ಹೋದ ಮೇಲೆ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿ ಮನೆ ಹೊತ್ತ ಅಣ್ಣನ ವಿಷಯ... ಮೌನಿ ಅವಳ ಮುಖದಿಂದ ಕಣ್ಣು ಕೀಳದೆ ಇರುತ್ತಿದ್ದ. ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಇಷ್ಟು ಶ್ರದ್ಧೆಯಿಂದ ತನ್ನನ್ನು ನೋಡಿದವರು ಯಾರಿದ್ದಾರೆ! ಹೆಣ್ಣಿನ ಮನಸ್ಸು ಸೋಲುವುದು ಹೊಗಳಿಕೆಗೆ ಎನ್ನುತ್ತಾರೆ. ನಿಜವಲ್ಲ. ಅದು ಸೋಲುವುದು ಗಮನಕ್ಕೆ.

ಬರವಣಿಗೆಯ ಪರೀಕ್ಷೆಯಲ್ಲಿ ಅವಳು ತೇರ್ಗಡೆಯಾದ ಸಂಜೆ ಇಬ್ಬರೂ ಪೇಟೆ ಬೀದಿಯಲ್ಲಿ ನಡೆದುಕೊಂಡು ಹೋದರು. ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಸಂತೋಷದಲ್ಲಿ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಆದರೆ ಆ ಸಂತೋಷದೊಳಗೊಂದು ಮುಳ್ಳಿತ್ತು. ಅದನ್ನೂ ಹೇಳಿಬಿಟ್ಟಳು.

"ನಮ್ಮಣ್ಣ ಸೇತುವೆ ಆಚೆ ಒಂದು ಶೆಡ್ ತಗೊಂಡಿದ್ದಾನೆ ಸರ್. ಹಳೇ ಟಯರ್ ಇಡೋಕೆ ಅಂತಾನೆ. ನಾನು ನೋಡ್ಬೇಕು ಅಂದ್ರೆ ಬೇಡ ಅಂತಾನೆ... ಒಂದು ಸಲ ನೀವೇ ವಿಚಾರಿಸ್ತೀರಾ? ನನಗ್ಯಾಕೋ ಸರಿ ಕಾಣ್ತಿಲ್ಲ."

ಅವನು ಮುಂದೆ ನೋಡುತ್ತಲೇ "ಹೂಂ" ಎಂದ.

ಅಷ್ಟರಿಂದಲೇ ಅವಳ ಮನಸ್ಸು ಹಗುರವಾಯಿತು.

*

ಮುಂದಿನ ವಾರ ಅವಳು ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಅಮ್ಮ ದೇವರ ಮೂಲೆಯಲ್ಲಿ ದೀಪ ಹಚ್ಚದೆ ಕೂತಿದ್ದಳು.

"ಅಮ್ಮಾ... ಏನಾಯ್ತು?"

"ನಿನ್ನ ಅಣ್ಣನ್ನ ಹಿಡ್ಕೊಂಡು ಹೋದರು ಪುಟ್ಟೀ. ಸೇತುವೆ ಆಚೆ ಯಾವುದೋ ಶೆಡ್ಡಂತೆ. ಕದ್ದ ಬೈಕುಗಳನ್ನ ಬಿಚ್ಚಿ ಮಾರ್ತಿದ್ದರಂತೆ..."

"ಯಾರು ಹಿಡಿದಿದ್ದು?"

"ನಿಮ್ಮೋರೇ. ನಿನಗೆ ಪಾಠ ಹೇಳ್ಕೊಡ್ತಿದ್ದನಲ್ಲ, ಆ ಮಾತಾಡದ ಹುಡುಗ... ಅವನೇ ಮುಂದೆ ನಿಂತಿದ್ದನಂತೆ."

ಅವಳು ಟೋಪಿ ತೆಗೆದು ಅಮ್ಮನ ಪಕ್ಕ ಕೂತಳು.

'ಸರಿ, ವಿಚಾರಿಸಲು ನಾನೇ ಹೇಳಿದ್ದೆ. ಆದರೆ ನನಗೊಂದು ಮಾತು? ಹಿಂದಿನ ದಿನ ಕ್ಯಾಂಟೀನಿನಲ್ಲಿ ಎದುರಿಗೇ ಕೂತಿದ್ದ. ಟೀ ಕುಡಿದ. ನಾನು ನಕ್ಕಾಗ ನಕ್ಕ. ಮರುದಿನ ಹೋಗಿ ನನ್ನ ಅಣ್ಣನಿಗೆ ಕೋಳ ತೊಡಿಸಿದ...'

ಆದರೂ ಅವಳು ಪೊಲೀಸಿನವಳು. ಅಣ್ಣ ತಪ್ಪು ಮಾಡಿದ್ದರೆ ಶಿಕ್ಷೆ ಆಗಲೇಬೇಕು ಎಂದು ಹಲ್ಲು ಕಚ್ಚಿ ತಡೆದುಕೊಂಡಳು. ಮೌನಿ ಎರಡು ಬಾರಿ ಠಾಣೆಯ ಬಾಗಿಲಲ್ಲಿ ಕಾದು ನಿಂತ. ಅವಳು ಹಿತ್ತಲ ಬಾಗಿಲಿನಿಂದ ಹೋದಳು.

ಸಂದರ್ಶನಕ್ಕೆ ಆಯ್ಕೆಯಾದವರಿಗೆ ವಿಚಾರಣೆಯ ಕ್ರಮದ ಬಗ್ಗೆ ಒಂದು ತರಗತಿ ಇತ್ತು. ನಡೆಸುತ್ತಿದ್ದವರು ವಿಭಾಗದ ಮುಖ್ಯಸ್ಥೆ. ನಿವೃತ್ತಿ ಹತ್ತಿರವಾದ ಹೆಂಗಸು, ಎಲ್ಲರಿಗೂ ದೊಡ್ಡಕ್ಕ.

"ಯಾರನ್ನಾದ್ರೂ ವಿಚಾರಿಸೋವಾಗ ನೀವು ಕಿಟಕಿಗೆ ಬೆನ್ನು ಮಾಡಿ ಕೂತ್ಕೊಳ್ಳಿ" ಎಂದರು ದೊಡ್ಡಕ್ಕ. "ಬೆಳಕು ಎದುರಿನವರ ಮುಖಕ್ಕೆ ಬೀಳಬೇಕು. ಅವರಿಗೆ ನಿಮ್ಮ ಮುಖ ಕಾಣಬಾರದು, ನಿಮಗೆ ಅವರ ಕಣ್ಣರೆಪ್ಪೆ ಅದುರೋದೂ ಕಾಣಬೇಕು. ಆಮೇಲೆ ಸುಮ್ಮನಿರಿ. ಮೌನ ತಡೆಯೋಕಾಗದೆ ಅವರೇ ಮಾತಾಡ್ತಾರೆ. ನಮ್ಮ ಮೌನಿನ ನೋಡಿ ಕಲೀರಿ!"

ಕೋಣೆಯಲ್ಲಿ ಎಲ್ಲರೂ ನಕ್ಕರು.

ಅವಳೊಬ್ಬಳು ನಗಲಿಲ್ಲ.

ಕಿಟಕಿಗೆ ಬೆನ್ನು... ಮುಖಕ್ಕೆ ಬೆಳಕು... ಮೌನ!

'ಅಯ್ಯೋ ದೇವರೇ! ಅದು ಪ್ರೀತಿಯ ಮೇಜಲ್ಲ, ವಿಚಾರಣೆಯ ಮೇಜು! ನಾನು ಕೂತಿದ್ದು ಕಳ್ಳರನ್ನು ಕೂರಿಸುವ ಕುರ್ಚಿಯಲ್ಲಿ!'

*

ಮರುದಿನ ಅವಳು ಅವನಿಗಿಂತ ಮೊದಲೇ ಕ್ಯಾಂಟೀನಿಗೆ ಹೋದಳು. ಕಿಟಕಿಗೆ ಬೆನ್ನು ಮಾಡಿ, ಅವನ ಕುರ್ಚಿಯಲ್ಲೇ ಕೂತಳು.

ಅವನು ಬಂದ. ಕುರ್ಚಿ ನೋಡಿ ತಡೆದು ನಿಂತ.

"ಅಲ್ಲಿ... ನಾನು ಕೂತ್ಕೋತೀನಿ."

"ಇವತ್ತು ಆ ಕಡೆ ನೀವು ಕೂತ್ಕೊಳ್ಳಿ. ಬೆಳಕು ಹೇಗಿರುತ್ತೆ ನೋಡೋಣ."

ಅವನು ಕೂತ. ಬಿಸಿಲು ಕಣ್ಣಿಗೆ ಹೊಡೆಯಿತು. ಕ್ಯಾಂಟೀನು ತುಂಬಿತ್ತು. ಟೀ ಯಂತ್ರ ಬುಸುಗುಡುತ್ತಿತ್ತು, ಹಿಂದಿನ ಮೇಜಿನವರು ಆಟದ ವಿಷಯಕ್ಕೆ ಕೂಗಾಡುತ್ತಿದ್ದರು, ಒಳಗೆ ಯಾರೋ ತಟ್ಟೆಗಳನ್ನು ತೊಟ್ಟಿಗೆ ಸುರಿಯುತ್ತಿದ್ದರು.

ಅವಳು ಮೇಜಿನ ಕಡೆ ತಲೆ ತಗ್ಗಿಸಿಯೇ ಮಾತಾಡಿದಳು. ಮುಖವೆತ್ತಿದರೆ ಅಳು ಬರುತ್ತಿತ್ತು.

"ನೀವು ನನ್ನ ಜೊತೆ ಕೂತಿದ್ದು, ನನ್ನ ಮಾತು ಕೇಳಿದ್ದು... ನಿಮ್ಮ ಮನಸ್ಸಲ್ಲಿ ಇದ್ದಿದ್ದು ಅದೊಂದೇನಾ? ನನ್ನ ಮನೆ ಗುಟ್ಟು ತೆಗೆಯೋಕೇನಾ ನನ್ನ ಹತ್ತಿರ ಬಂದಿದ್ದು? ಬೇರೇನೂ ಹೇಳ್ಬೇಡಿ. ಹೌದೋ, ಅಲ್ಲವೋ... ಅಷ್ಟೇ ಹೇಳಿ."

ಅವನು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. ಮುಂದಕ್ಕೆ ಬಾಗಿದ. ಅವನ ಮುಖ ಕೆಂಪೇರಿತು. ಎಂದೂ ತಡವರಿಸದವನು ತಡವರಿಸಿದ.

"ಹೌದು... ಮೊದಲನೇ ದಿನದಿಂದಲೂ ಹೌದು."

ಮೊದಲನೇ ದಿನದಿಂದ! ಸೀಮೆಸುಣ್ಣದ ಗೆರೆಯ ಪಕ್ಕ ನಿಂತಿದ್ದ ದಿನದಿಂದ!

"ನಿಮಗೆ... ಬೇಜಾರಾಯ್ತಾ?" ಎಂದು ಅವನು ಮೆಲ್ಲಗೆ ಕೇಳಿದ.

"ಬೇಜಾರಾ!" ಅವಳು ನಕ್ಕಳು. ಆ ನಗು ಅವಳಿಗೇ ಅಪರಿಚಿತವಾಗಿತ್ತು. "ಇಲ್ಲ ಸರ್. ನಿಮ್ಮಂಥ ಗುರು ಯಾರಿಗೆ ಸಿಗ್ತಾರೆ? ಕತ್ತು ಕೊಯ್ಯೋದನ್ನೂ ಎದುರಿಗೆ ಕೂರಿಸ್ಕೊಂಡೇ ಕಲಿಸಿದ್ರಿ."

ಅವಳು ಎದ್ದು ಹೊರಟಳು. ಹಿಂದಿನಿಂದ ಅವನು ಕರೆಯಲಿಲ್ಲ. ಪ್ರೀತಿ ಒಪ್ಪಿಸಿ ತಿರಸ್ಕಾರ ಪಡೆದವನಂತೆ ತಲೆ ತಗ್ಗಿಸಿ ಕೂತೇ ಇದ್ದ. ಅದನ್ನೂ ಅವಳು ನಾಟಕ ಎಂದುಕೊಂಡಳು.

*

ಇತ್ತ ಠಾಣೆಯಲ್ಲಿ ಗುಸುಗುಸು ಶುರುವಾಗಿತ್ತು. ಕಳ್ಳತನಗಳೆಲ್ಲ ಅವಳ ಗಸ್ತಿನ ಪ್ರದೇಶದಲ್ಲೇ ನಡೆದಿದ್ದವು, ಅದೂ ಅವಳು ಬೇರೆ ಬೀದಿಯಲ್ಲಿದ್ದ ಹೊತ್ತಿನಲ್ಲೇ!

"ಚಿಲಕ ಒಳಗಿಂದಲೇ ತೆಗೆದಿತ್ತೇನೋಪ್ಪಾ" ಎಂದ ಹವಾಲ್ದಾರ, ಅವಳಿಗೆ ಕೇಳಿಸುವಂತೆ.

ಅವಳು ಗಸ್ತಿನ ಪುಸ್ತಕಕ್ಕೆ ಸಹಿ ಹಾಕಿ ಹೊರಗೆ ನಡೆದಳು.

ಸಂದರ್ಶನದ ದಿನ ಬೆಳಿಗ್ಗೆ ಅವಳು ಹೊಸ್ತಿಲ ಮೇಲೆ ಕೂತು ತನ್ನ ಬೂಟು ಪಾಲಿಶ್ ಮಾಡತೊಡಗಿದಳು. ಕೈಗೆ ಬ್ರಷ್ ಹೊಂದಲಿಲ್ಲ. ಅಭ್ಯಾಸವಿರಲಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಅವಳ ಬೂಟು ಉಜ್ಜುತ್ತಿದ್ದವನು ಅಣ್ಣ. "ಅಪ್ಪ ಇದ್ದಿದ್ದರೆ ಮಾಡ್ತಿರಲಿಲ್ವಾ? ನಾನು ಮಾಡ್ತೀನಿ ಬಿಡು" ಎನ್ನುತ್ತಿದ್ದ.

ಮೊದಲು ಜಾಗ.

ಇದೇ ಹೊಸ್ತಿಲು. ಅಣ್ಣ ಇಲ್ಲಿ ಕೂರುತ್ತಿದ್ದ. ಅವಳು ಅಲ್ಲಿ ನಿಂತು ಜಡೆ ಬಿಗಿಯುತ್ತಿದ್ದಳು. ಮೂಲೆಯಲ್ಲಿ ಅಣ್ಣನ ಹಳೆಯ ಬೂಟು ಇನ್ನೂ ಬಿದ್ದಿತ್ತು. ಬಲಗಾಲಿನ ಹಿಮ್ಮಡಿ ಒಂದೇ ಕಡೆ ಸವೆದಿತ್ತು...

ಆ ಸವೆತ! ಎಣ್ಣೆಯಲ್ಲಿ ಮೂಡಿದ್ದ ಗುರುತಿನಲ್ಲೂ ಅದೇ ಸವೆತ! ದಿನವಿಡೀ ನೀರು ಕುಡಿಯದೆ ಅವಳು ಕಾದದ್ದು ಅಣ್ಣನ ಹೆಜ್ಜೆಯನ್ನು!

ಆಮೇಲೆ ಜನ.

ಬ್ರಷ್ ಆಡಿಸುತ್ತ, ತಲೆ ಎತ್ತದೆ, ಬೆಣ್ಣೆಯಂಥ ದನಿಯಲ್ಲಿ ಅಣ್ಣ ದಿನವೂ ಕೇಳುತ್ತಿದ್ದ ಮಾತು ಅವಳ ಕಿವಿಯಲ್ಲಿ ಮತ್ತೆ ಮೊಳಗಿತು.

"ಇವತ್ತು ಯಾವ ಕಡೆ ಪುಟ್ಟೀ ನಿನ್ನ ಗಸ್ತು?"

ಅವಳು ಬ್ರಷ್ ಕೆಳಗಿಟ್ಟು ಎದ್ದಳು.

ಅವಳು ನೇರವಾಗಿ ಅಣ್ಣನನ್ನಿಟ್ಟಿದ್ದ ಬಂದೀಖಾನೆಗೆ ಹೋದಳು. ಕಂಬಿಯ ಆಚೆ ಅಣ್ಣ ಗಡ್ಡ ಬಿಟ್ಟುಕೊಂಡು ನಿಂತಿದ್ದ.

"ಅಣ್ಣಾ, ನನ್ನ ಬೂಟು ಉಜ್ಜಿದ್ದು ಪ್ರೀತಿಗಾ, ಗಸ್ತಿನ ವಿಷಯ ತಿಳ್ಕೊಳ್ಳೋಕಾ?"

ಅಣ್ಣ ಕಣ್ಣು ತಪ್ಪಿಸಿದ. ಕಂಬಿ ಹಿಡಿದು ಹೇಳಿದ: "ಮೊದಮೊದಲು ಪ್ರೀತಿಗೇನೇ ಪುಟ್ಟೀ. ದೇವರಾಣೆ. ಆಮೇಲೆ ಆ ಸಹವಾಸ ಸೇರಿದ ಮೇಲೆ..."

"ನನ್ನ ಕೆಲಸ ಹೋಗುತ್ತೆ ಅಂತ ಹೊಳೀಲಿಲ್ವಾ?"

"ನಿನ್ನ ಮೇಲೆ ಯಾರು ಅನುಮಾನ ಪಡ್ತಾರೆ ಅಂದ್ಕೊಂಡೆ. ನೀನು ಅಂಥ ಹುಡುಗಿ ಅಲ್ವಲ್ಲ."

"ಅದೇ ಅಣ್ಣಾ... ನಾನು ಅಂಥ ಹುಡುಗಿ ಅಲ್ಲ ಅನ್ನೋದನ್ನೇ ಕದ್ದೆ ನೀನು."

ಅವಳು ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಅಳು ಬರಲಿಲ್ಲ. ಒಬ್ಬ ಕೇಳಿ ಕೇಳಿ ಮೋಸ ಮಾಡಿದ. ಇನ್ನೊಬ್ಬ ಏನನ್ನೂ ಕೇಳದೆ ಮೋಸ ಮಾಡಿದ. ತಾಯಿಯ ಮಡಿಲೊಂದು ಬಿಟ್ಟು ಈ ಲೋಕದಲ್ಲಿ ತಲೆ ಇಡುವ ಜಾಗ ಎಲ್ಲಿದೆ?

*

ಸಂದರ್ಶನದ ಕೋಣೆ ನಿಶ್ಶಬ್ದವಾಗಿತ್ತು. ಉದ್ದ ಮೇಜಿನ ಆಚೆ ಹಿರಿಯ ಅಧಿಕಾರಿಗಳು, ನಡುವೆ ದೊಡ್ಡಕ್ಕ.

"ಪಠ್ಯದ ಪ್ರಶ್ನೆ ಬೇಡ" ಎಂದರು ದೊಡ್ಡಕ್ಕ. "ಒಂದೇ ಪ್ರಕರಣ. ನಿಮ್ಮ ಗಸ್ತಿನ ವಿಷಯ ಕಳ್ಳರಿಗೆ ಹೇಗೆ ತಿಳೀತಿತ್ತು?"

"ನನ್ನ ಬಾಯಿಂದಲೇ ಮೇಡಂ. ದಿನಾ ಬೆಳಿಗ್ಗೆ ಅಣ್ಣ ಕೇಳ್ತಿದ್ದ, ನಾನು ಹೇಳ್ತಿದ್ದೆ. ಪ್ರೀತಿಗೆ ಕೇಳ್ತಾನೆ ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ಅವನೇ ಒಪ್ಪಿಕೊಂಡ. ನೆಲಮಾಳಿಗೆಯ ಎಣ್ಣೇಲಿದ್ದ ಹೆಜ್ಜೆಯೂ ಅವನ ಬೂಟಿನದೇ."

"ಶೆಡ್ಡಿನ ವಿಷಯ ಗೊತ್ತಿತ್ತಾ?"

"ಶೆಡ್ ಇದೆ ಅಂತ ಗೊತ್ತಿತ್ತು. ಅನುಮಾನವೂ ಬಂದಿತ್ತು."

"ಇಲಾಖೆಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ ಮೇಡಂ. ಮೌನಿ ಸರ್‌ಗೆ. ಅದರಿಂದಲೇ ಅಲ್ವಾ ಅವರು ಶೆಡ್ ಹಿಡಿದಿದ್ದು?"

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು.

"ಇಲ್ಲ. ಬೈಕಿಗೆ ಬಣ್ಣ ಬಳೀತಿದ್ದವನು ನಿಮ್ಮಣ್ಣನ ಜೊತೆ ಜಗಳ ಆಡ್ಕೊಂಡು ಬಂದು ಬಾಯಿ ಬಿಟ್ಟ. ಅದು ನಿಮ್ಮಣ್ಣನ ಶೆಡ್ ಅಂತ ಮೌನಿಗೆ ಗೊತ್ತಾಗಿದ್ದು ಒಳಗೆ ಹೋದ ಮೇಲೆ. ನೀವು ಹೇಳಿದ್ರಿ ಅಂತ ಅವನು ಎಲ್ಲೂ ಹೇಳಿಲ್ಲವಲ್ಲ?"

ಅವಳಿಗೆ ಒಂದೂ ಅರ್ಥವಾಗಲಿಲ್ಲ. ಒಂದು ಮಾತ್ರ ಅರ್ಥವಾಯಿತು. ಈಗ ಅವನು 'ಇಲ್ಲ' ಎಂದುಬಿಟ್ಟರೆ ತಾನು ಸುಳ್ಳುಗಾತಿ, ಅಣ್ಣನನ್ನು ಮುಚ್ಚಿಟ್ಟವಳು. ಪರೀಕ್ಷೆ ಹಾಳಾಗಲಿ, ಮೈಮೇಲಿನ ಸಮವಸ್ತ್ರವೂ ಉಳಿಯುವುದಿಲ್ಲ.

"ಅವನನ್ನೇ ಕರೀರಿ" ಎಂದರು ದೊಡ್ಡಕ್ಕ.

ಮೌನಿ ಬಂದು ನಿಂತ. ಅವಳ ಕಡೆ ನೋಡಲಿಲ್ಲ.

"ಈಕೆ ಶೆಡ್ಡಿನ ವಿಷಯ ನಿನಗೆ ಮೊದಲೇ ಹೇಳಿದ್ದರಂತೆ. ಹೌದಾ?"

"ಇಲ್ಲ" ಎನ್ನಲು ಬಾಯಿ ತೆರೆದವನು ತಡೆದುಕೊಂಡ. ಮೊದಲ ಬಾರಿಗೆ ಅವಳ ಕಡೆ ತಿರುಗಿದ.

"ಎಲ್ಲಿ ಹೇಳಿದ್ರಿ?"

"ಪೇಟೆ ಬೀದೀಲಿ. ಫಲಿತಾಂಶ ಬಂದ ದಿನ. ನಡ್ಕೊಂಡು ಹೋಗ್ತಾ... ನೀವು ಹೂಂ ಅಂದ್ರಿ!"

ಅವನು ಮೆಲ್ಲಗೆ ಕೇಳಿದ.

"ನೀವು ನನ್ನ ಯಾವ ಕಡೆ ನಡೀತಿದ್ರಿ? ಎಡಕ್ಕಾ, ಬಲಕ್ಕಾ?"

ಇದೆಂಥ ಪ್ರಶ್ನೆ! ಅವಳು ಕಣ್ಣು ಮುಚ್ಚಿ ಆ ಬೀದಿಯನ್ನು ನೆನೆದಳು. ಬಸ್ಸುಗಳು... ಅವನ ಎಡಭುಜ...

"ಎಡಕ್ಕೆ."

ಅವನು ದೊಡ್ಡಕ್ಕನ ಕಡೆ ತಿರುಗಿದ.

"ಹಾಗಾದ್ರೆ ಇವರು ಹೇಳಿದ್ದಾರೆ ಮೇಡಂ. ನನಗೆ ಕೇಳಿಸಿಲ್ಲ."

"ಏನು ಹಾಗಂದ್ರೆ?"

"ಗ್ಯಾಸ್ ಸಿಲಿಂಡರ್ ಸಿಡಿದ ಆ ದಾಳಿ ನೆನಪಿದೆಯಲ್ಲ? ಅವತ್ತಿಂದ ನನ್ನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಗದ್ದಲದಲ್ಲಿ ಕೆಲಸ ಮಾಡಲ್ಲ. ತುಟಿ ನೋಡಿ ಮಾತು ತಿಳ್ಕೋತೀನಿ. ವಾಸಿಯಾಗಿದೆ ಅಂತ ಇಲಾಖೆಗೆ ಸುಳ್ಳು ಹೇಳಿದ್ದೆ. ಗೊತ್ತಾದ್ರೆ ವಿಭಾಗದಿಂದ ತೆಗೀತೀರಿ ಅಂತ." ಅವನು ಉಸಿರೆಳೆದುಕೊಂಡ. "ಈಗ ತೆಗೀರಿ, ಪರವಾಗಿಲ್ಲ. ಆದ್ರೆ ಇವರು ಸುಳ್ಳು ಹೇಳೋರಲ್ಲ. ಹೇಳಿದ್ದೆ ಅಂದ್ರೆ ಹೇಳಿದ್ದಾರೆ."

ಅವಳ ಕಣ್ಣ ಮುಂದೆ ಒಂದೊಂದಾಗಿ ಎಲ್ಲವೂ ಬಂದು ನಿಂತವು. ನೆಲಮಾಳಿಗೆಯಲ್ಲಿ ಎಷ್ಟು ಕೂಗಿದರೂ ನಿಲ್ಲದ ಹೆಜ್ಜೆ. 'ಇನ್ನೊಂದು ಸಲ ಹೇಳಿ.' ಕಿಟಕಿಗೆ ಬೆನ್ನು. ತನ್ನ ಮುಖದ ಮೇಲೆ ಬೆಳಕು. ಅದು ಬಲೆಯಾಗಿರಲಿಲ್ಲ. ಅವನಿಗೆ ಅವಳ ಮಾತು ಬಂದು ಮುಟ್ಟುತ್ತಿದ್ದದ್ದೇ ಆ ಬೆಳಕಿನ ದಾರಿಯಲ್ಲಿ!

ಮತ್ತೆ ಆ 'ಹೌದು'...

ತಲೆ ತಗ್ಗಿಸಿ, ಬೆಳಕಿಗೆ ಬೆನ್ನು ಮಾಡಿ, ಆ ಗದ್ದಲದಲ್ಲಿ ತಾನು ಕೇಳಿದ ಪ್ರಶ್ನೆಗೆ ಅವನು 'ಹೌದು' ಎಂದಿದ್ದ. ಅವನು ಯಾವ ಪ್ರಶ್ನೆಗೆ ಉತ್ತರ ಕೊಟ್ಟಿದ್ದ?

'ಅನುಮಾನ ಕಡೆಗೆ ಎಂದು ಕಲಿಸಿದ್ದರು. ನಾನು ಅನುಮಾನದಿಂದಲೇ ಶುರು ಮಾಡಿದೆ. ದಾರಿಯಲ್ಲಿ ಸಿಕ್ಕಿದ ಬೆಳಕನ್ನೂ ಸಾಕ್ಷಿ ಮಾಡಿಕೊಂಡೆ...'

ದೊಡ್ಡಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲಾಖೆ ಮಾತು ಮನೆಗೆ ಒಯ್ದಿದ್ದೀರಿ. ಅದಕ್ಕೆ ಎಚ್ಚರಿಕೆ ಪತ್ರ ಬರುತ್ತೆ, ಈ ಸಲ ಆಯ್ಕೆ ಇಲ್ಲ. ಆದ್ರೆ ಅಣ್ಣನ ಹೆಜ್ಜೆ ಅಂತ ತಿಳಿದ ಮೇಲೂ ಅದನ್ನ ಒರೆಸದೆ ಇಲ್ಲಿಗೆ ಬಂದು ಹೇಳಿದ್ರಿ. ಅದನ್ನ ನಾನು ಯಾರಿಗೂ ಕಲಿಸೋಕಾಗಲ್ಲ. ಮುಂದಿನ ಸಲ ಮತ್ತೆ ಕೂತ್ಕೊಳ್ಳಿ." ಆಮೇಲೆ ಮೌನಿಯ ಕಡೆ ತಿರುಗಿ ಗದರಿದರು. "ನೀನು! ಕಿವಿ ಹೋಗಿದ್ದು ತಪ್ಪಲ್ಲ ಕಣೋ, ಮುಚ್ಚಿಟ್ಟಿದ್ದು ತಪ್ಪು. ಇನ್ನು ಬೀದಿ ಕೆಲಸ ಇಲ್ಲ. ತರಬೇತಿ ಶಾಲೆಗೆ ಹೋಗು, ಮುಖ ಓದೋದು ಕಲಿಸು."

*

ಕ್ಯಾಂಟೀನಿನಲ್ಲಿ ಅವನು ಒಬ್ಬನೇ ಕೂತಿದ್ದ. ಟೀ ಆರಿ ಕೆನೆ ಕಟ್ಟಿತ್ತು.

ಅವಳು ಬಂದು ಎದುರಿಗೆ, ಬೆಳಕಿನ ಕುರ್ಚಿಯಲ್ಲಿ ಕೂತಳು. ಮುಖವೆತ್ತಿ ಕೂತಳು.

"ನನಗ್ಯಾಕೆ ಹೇಳ್ಲಿಲ್ಲ?"

"ಮರುಕ ಪಡ್ತೀರಿ ಅಂತ. ನೀವು ನನ್ನನ್ನ ನೋಡೋ ಥರ ಯಾರೂ ನೋಡಿರಲಿಲ್ಲ. ಅದು ಬದಲಾಗಿಬಿಡುತ್ತೆ ಅಂತ ಹೆದರಿದೆ."

"ನಮ್ಮಮ್ಮ ಹೇಳ್ತಿರ್ತಾಳೆ, ದೇವರು ಬಾಯಿ ಒಂದು ಕೊಟ್ಟ, ಕಿವಿ ಎರಡು ಕೊಟ್ಟ ಅಂತ. ನಿಮ್ಮ ವಿಷಯದಲ್ಲಿ ಲೆಕ್ಕ ಸಮ ಮಾಡಿಬಿಟ್ಟಿದ್ದಾನೆ."

ಅವನು ನಕ್ಕುಬಿಟ್ಟ. ಅವಳೂ ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಬಾರದಿದ್ದ ಅಳು ಈಗ ಬಂತು. ಅಣ್ಣನಿಗಾಗಿ, ಅಮ್ಮನ ಆರಿದ ದೀಪಕ್ಕಾಗಿ, ತಾನು ಆಡಿದ ಕಹಿ ಮಾತಿಗಾಗಿ... ಅವನು ಸಮಾಧಾನ ಹೇಳಲಿಲ್ಲ. ಅವಳ ಕಡೆಗೆ ನೀರಿನ ಲೋಟ ಸರಿಸಿದ. ಅಳು ಮುಗಿಯುವವರೆಗೂ ಕಾದ.

"ಅವತ್ತು ನಾನು ಏನು ಕೇಳಿದೆ ಅಂದ್ಕೊಂಡ್ರಿ?" ಎಂದು ಅವಳು ಕಣ್ಣೊರೆಸಿಕೊಂಡು ಕೇಳಿದಳು.

ಅವನು ಕೆಳಗೆ ನೋಡಿದ. "ಮನಸ್ಸಲ್ಲಿ ಅನ್ನೋದು ಗೊತ್ತಾಯ್ತು. ಹೌದೋ ಅಲ್ಲವೋ ಅನ್ನೋದೂ ಗೊತ್ತಾಯ್ತು. ಉಳಿದಿದ್ದನ್ನ ನಾನೇ ಹೊಲಿದುಬಿಟ್ಟೆ."

"ಬಟ್ಟೆ ಬೇರೆ, ಹೊಲಿಗೆ ಬೇರೆ ಅಂತ ಪಾಠ ಹೇಳ್ದೋರು ಯಾರೋ!"

"ಆಸೆ ಇದ್ದ ಕಡೆ ಪಾಠ ಮರೆತುಹೋಗುತ್ತೆ."

ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ, ದನಿಯನ್ನು ಒಂದಿಷ್ಟೂ ಹೊರಡಿಸದೆ, ತುಟಿಗಳನ್ನು ಮಾತ್ರ ನಿಧಾನವಾಗಿ ಆಡಿಸಿದಳು.

'ನನ್ನ ಮೇಲೆ ನಿಮಗೆ ಮನಸ್ಸಿದೆಯಾ? ಹೌದೋ, ಅಲ್ಲವೋ?'

ಟೀ ಯಂತ್ರ ಬುಸುಗುಟ್ಟಿತು. ಯಾರೋ ಕೂಗಿದರು. ಅವನಿಗೆ ಅದೊಂದೂ ಬೇಕಾಗಿರಲಿಲ್ಲ.

"ಹೌದು" ಎಂದ. "ಮೊದಲನೇ ದಿನದಿಂದಲೂ ಹೌದು."

ಅದೇ ಮಾತು! ಅಂದು ಎದೆ ಸೀಳಿದ ಮಾತೇ ಇಂದು ಎದೆಯನ್ನು ಹೊಲಿಯಿತು.

"ಈಗ ನೀವು ಕೇಳಿ" ಎಂದಳು.

"ಏನು ಕೇಳಲಿ?"

"ಏನಾದ್ರೂ ಸರಿ. ಇಷ್ಟು ದಿನದಲ್ಲಿ ನನ್ನ ವಿಷಯ ಏನನ್ನೂ ಕೇಳಿಲ್ಲ ನೀವು."

ಅವನು ಬಹಳ ಯೋಚಿಸಿದ. ದೊಡ್ಡ ದೊಡ್ಡ ಕಳ್ಳರನ್ನು ಮಾತಾಡಿಸಿದವನಿಗೆ ಒಂದು ಸಣ್ಣ ಪ್ರಶ್ನೆ ಹುಡುಕುವುದು ಕಷ್ಟವಾಯಿತು.

"ಇಲ್ಲಿಂದ ಹೋಗುವಾಗ..." ಎಂದು ನಿಲ್ಲಿಸಿದ. "ನನ್ನ ಯಾವ ಕಡೆ ನಡೀತೀರಿ?"

ಅವಳು ಎದ್ದು, ಮೇಜು ಬಳಸಿ ಬಂದು, ಅವನ ಬಲಕ್ಕೆ ನಿಂತಳು.

"ಇನ್ನು ಮೇಲೆ ಈ ಕಡೆ" ಎಂದಳು, ಅವನ ಕಿವಿಯ ಹತ್ತಿರ. "ಕೇಳಿಸ್ತಾ?"

"ಕೇಳಿಸ್ತು, ಚಿಲಕ."